ನದಿ ದಾಟಿದ ನಾಯಿ

ಸತ್ತವರ ಲೋಕ, ಅಲ್ಲಿಗೆ ಹೋಗುವ ದಾರಿ ಎಂದೆಲ್ಲ ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಈಗ ಕೂತು ಕೇಳುತ್ತೇನೆ. ಕಾರಣ ಹೇಳುತ್ತೇನೆ, ನೀವು ನಂಬಲೇಬೇಕೆಂದಿಲ್ಲ.

ಕುವೈತಿನಲ್ಲಿ ನಾನು ಗುಮಾಸ್ತನಾಗಿದ್ದ ಕಂಪನಿಯ ಅಮೆರಿಕನ್ ಎಂಜಿನಿಯರ್, ಹರೆಯದಲ್ಲಿ ಗ್ವಾಟೆಮಾಲಾದ ಕಾಡಿನಲ್ಲಿ ಮಾಯಾ ಜನರ ಹಾಳೂರುಗಳನ್ನು ಅಗೆಯುವವರ ಜೊತೆಗಿದ್ದವರು. ಒಮ್ಮೆ ಒಂದು ಫೋಟೋ ತೋರಿಸಿದರು. ಗೋರಿಯೊಳಗೆ ಮನುಷ್ಯನ ಮೂಳೆಗಳು, ಕಾಲ ಬಳಿ ನಾಯಿಯ ಮೂಳೆಗಳು. ಸತ್ತವನು ಒಂದು ನದಿ ದಾಟಬೇಕಂತೆ; ಅವನು ಸಾಕಿದ ನಾಯಿಯೇ ಬೆನ್ನ ಮೇಲೆ ಹೊತ್ತು ದಾಟಿಸುತ್ತದಂತೆ. ನಾನು ನಕ್ಕುಬಿಟ್ಟೆ. ಅವರ ಡ್ರೈವರ್ ಹಮೀದಾಕ ನಗಲಿಲ್ಲ. ಹಮೀದಾಕ ಬಂಟ್ವಾಳ ಕಡೆಯ ಬ್ಯಾರಿ ಮುಸ್ಲಿಮರು, ಅಬ್ಬಾಸಿಯಾ ಬಡಾವಣೆಯಲ್ಲಿ ನನ್ನ ರೂಮಿನಲ್ಲೇ ಇದ್ದ ಹಿರಿಯರು, ಸಕ್ಕರೆ ಕಾಯಿಲೆಯವರು.

1990ರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ನುಗ್ಗಿದಾಗ ಎಂಜಿನಿಯರ್ ರಜೆಯಲ್ಲಿದ್ದರು. ಅವರ ಕಂದು ನಾಯಿ ಹಮೀದಾಕನ ಪಾಲಿಗೆ ಬಂತು. ಅದನ್ನು ತಾರಸಿಯಲ್ಲಿ ಕಟ್ಟಿ, ತಮ್ಮ ರೊಟ್ಟಿಯಲ್ಲಿ ಅರ್ಧ ಹಾಕಿ, ಕೈಕಾಲು ತೊಳೆದು ನಮಾಜಿಗೆ ನಿಲ್ಲುತ್ತಿದ್ದರು. ಊರಿಗೆ ಹೋಗುವವರಿಗೆ ಬಸ್ಸು ಬಂದಾಗ ಅವರು ಹೊರಡಲಿಲ್ಲ.

“ನೀವು ಹೋಗಿ ಮಾರಾಯ್ರೆ. ಇದಕ್ಕೆ ಹುಷಾರಿಲ್ಲ, ನನ್ನನ್ನೇ ನಂಬಿ ಉಂಟು. ನಾನು ಮುಂದಿನ ಬಸ್ಸಿಗೆ ಬರ್ತೇನೆ.”

ಅವರ ಇಂಜೆಕ್ಷನ್ ಮದ್ದು ಮುಗಿಯುತ್ತ ಬಂದದ್ದು ನನಗೆ ಗೊತ್ತಿತ್ತು. ಆದರೂ ಎರಡನೇ ಸಲ ಕರೆಯಲಿಲ್ಲ. ಕಿಟಕಿ ಪಕ್ಕದ ಸೀಟು ಹಿಡಿಯುವ ಅವಸರದಲ್ಲಿದ್ದೆ.

ಬಾಗ್ದಾದಿನಲ್ಲಿ ಕೆಲವು ದಿನ ಕಾದು, ಊರಿನ ವಿಮಾನ ಹತ್ತಲು ಜೋರ್ಡಾನಿನ ಕಡೆ ಹೊರಟೆವು. ಯೂಫ್ರೆಟಿಸ್ ನದಿಯ ಹತ್ತಿರ ಮಧ್ಯಾಹ್ನ ಬಸ್ಸು ನಿಂತಿತು. ಮುಖ ತೊಳೆಯಲು ಇಳಿದೆ. ದಡದಲ್ಲಿ ಅದೇ ಕಂದು ನಾಯಿ, ಅದೇ ಹರಿದ ಕಿವಿ, ಕುತ್ತಿಗೆಯಲ್ಲಿ ಹಮೀದಾಕ ಕಟ್ಟಿದ್ದ ನೀಲಿ ಹಗ್ಗ. ಅದು ನೀರಿಗಿಳಿಯಿತು. ಬೆನ್ನ ಮೇಲೆ ಭಾರವಿದ್ದಂತೆ ಮೂಗಿನವರೆಗೂ ಮುಳುಗಿ, ಬಹಳ ನಿಧಾನವಾಗಿ ಈಜಿತು. ನಾಯಿಯ ಹೆಸರು ಹಿಡಿದು ಕೂಗಿದೆ. ತಿರುಗಲಿಲ್ಲ.

“ಅಲ್ಲಿ ಯಾರನ್ನು ಕರೀತೀರಿ?” ಎಂದು ಪಕ್ಕದವರು ಕೇಳಿದರು.

ಮರುವರ್ಷ ಕೆಲಸಕ್ಕೆ ಮರಳಿದಾಗ ಕಟ್ಟಡದ ಕಾವಲುಗಾರ ಎಲ್ಲ ಹೇಳಿದ. ನಾವು ಹೊರಟ ಮರುದಿನವೇ ನಾಯಿ ಸತ್ತಿತ್ತು. ಹಮೀದಾಕನೇ ಅದನ್ನು ಹೂತರಂತೆ. ಮುಂದಿನ ಬಸ್ಸು ಬರುವ ಮೊದಲೇ, ಮದ್ದು ಸಿಗದೆ ಅವರೂ ತೀರಿಹೋದರಂತೆ. ಹಾಗಾದರೆ ನದಿಯಲ್ಲಿ ನಾನು ಕಂಡದ್ದು ಏನು? ಇಂದಿಗೂ ತಿಳಿಯದು.

ರಜೆಗೆ ಊರಿಗೆ ಬಂದಾಗ ಅವರ ಮನೆಗೆ ಹೋದೆ. ಅವರ ಹೆಂಡತಿ ಬಾಗಿಲ ಮರೆಯಲ್ಲಿ ನಿಂತು ಒಂದೇ ಮಾತು ಕೇಳಿದರು: “ಕೊನೆಗೆ ಅವರು ಒಬ್ಬರೇ ಇದ್ದದ್ದಾ?”

“ಇಲ್ಲ,” ಎಂದೆ, ನದಿಯಲ್ಲಿ ಕಂಡ ನಾಯಿಯನ್ನು ನೆನೆದು.

ಜೊತೆಗಿದ್ದವನು ನಾನೇ ಎಂದು ಅವರು ತಿಳಿದುಕೊಂಡರು. ನಾನು ತಿದ್ದಲಿಲ್ಲ. ಕಣ್ಣೊರೆಸಿಕೊಂಡು ನನಗೆ ಊಟ ಬಡಿಸಿದರು. ತಲೆ ತಗ್ಗಿಸಿ ಉಂಡೆ.