ಲಿಫ್ಟ್ ಭಾವ ಜಲಪಾತ ಇಳಿದದ್ದು

ನಮ್ಮ ಭಾವನಿಗೆ ಕೂತಲ್ಲಿ ಕೂತು ಗೊತ್ತಿಲ್ಲ. ಮದುವೆಯಾದ ಮರುದಿನವೇ ನಮ್ಮ ಮನೆಯ ಬಾಗಿಲುಗಳ ಕೀಲುಗಳಿಗೆಲ್ಲ ಎಣ್ಣೆ ಹಾಕಿದವರು. ಇಪ್ಪತ್ತೆರಡು ವರ್ಷದಿಂದ ಲಿಫ್ಟ್ ರಿಪೇರಿ ಅವರ ಕೆಲಸ. ಲಿಫ್ಟು ಓಡಾಡುವ ಆ ಕತ್ತಲ ಬಾವಿಗೆ ಒಬ್ಬರೇ ಇಳಿಯುವುದು ಅವರ ಹೆಮ್ಮೆ. "ಜೊತೆಗೊಬ್ಬ ಇದ್ರೆ ಅವನನ್ನೂ ನಾನೇ ನೋಡ್ಕೋಬೇಕು" ಎನ್ನುತ್ತಿದ್ದರು.

ಎರಡು ತಿಂಗಳ ಹಿಂದೆ, ಹನ್ನೆರಡು ಮಹಡಿಯ ಕಟ್ಟಡವೊಂದರಲ್ಲಿ, ನಿಂತಿದ್ದ ಲಿಫ್ಟು ಮೊಳದಷ್ಟು ಕದಲಿ ಅವರನ್ನು ಗೋಡೆಗೆ ಒತ್ತಿ ಹಿಡಿಯಿತು. ನಲವತ್ತು ನಿಮಿಷ ಕೂಗಿದರೂ ಯಾರಿಗೂ ಕೇಳಿಸಲಿಲ್ಲ. ಕೊನೆಗೆ ಲಿಫ್ಟು ಯಾಕೆ ಬರಲಿಲ್ಲವೆಂದು ನೋಡಲು ಬಂದ ಕಾವಲುಗಾರ ಬಿಡಿಸಿದ. ಮೈಮೇಲೆ ಒಂದು ಗೀರೂ ಆಗಲಿಲ್ಲ, ಆದರೆ ಅವತ್ತಿನಿಂದ ಅವರು ಇಳಿದಿಲ್ಲ. ಊರಿಗೆಲ್ಲ ಸೊಂಟನೋವು ಎಂದರು. ನಿಜ ಗೊತ್ತಿದ್ದದ್ದು ಅಕ್ಕನಿಗೆ. ಅಕ್ಕನ ಬಾಯಲ್ಲಿ ಏನೂ ನಿಲ್ಲುವುದಿಲ್ಲವಾದ್ದರಿಂದ ನನಗೂ. ಆಫೀಸಿನವರು ಕೊನೆಗೆ ಗಡುವು ಕೊಟ್ಟರು. ಸೋಮವಾರ ಬಾವಿಗೆ ಇಳಿಯಬೇಕು, ಇಲ್ಲವೇ ದೂರು ಬರೆದುಕೊಳ್ಳುವ ಫೋನಿನ ಮುಂದೆ ಖಾಯಂ ಕೂರಬೇಕು. ಕೂರುವುದೆಂದರೆ ಭಾವನಿಗೆ ಜೈಲೇ.

ಆ ಸೋಮವಾರಕ್ಕೂ ಮುಂಚೆ ಅಕ್ಕ ನಮ್ಮಿಬ್ಬರನ್ನೂ ನಾಲ್ಕು ದಿನದ ಪ್ರವಾಸಕ್ಕೆ ಎಳೆದುಕೊಂಡು ಹೋದಳು. ಹೋಟೆಲಿನಲ್ಲೂ ಭಾವನ ಕಾಲು ನಿಲ್ಲಲಿಲ್ಲ. ನಲ್ಲಿ ಬಿಗಿ ಮಾಡಿದರು, ಕಿಟಕಿಯ ಸ್ಕ್ರೂ ತಿರುಗಿಸಿದರು, ನಾಲ್ಕನೇ ಮಹಡಿಗೆ ದಿನಕ್ಕೆ ಹತ್ತು ಸಲ ಮೆಟ್ಟಿಲಲ್ಲೇ ಹತ್ತಿಳಿದರು. ಮೂರನೇ ದಿನ ಬಾಗಿಲ ಬಳಿ ಅಂಟಿಸಿದ್ದ ಚೀಟಿಯ ಮುಂದೆ ನಿಂತರು. ಕ್ಯಾನಿಯನಿಂಗ್ ಅಂತೆ. ಬಂಡೆಗಳ ನಡುವಿನ ಕೊರಕಲಿನಲ್ಲಿ ಹೊಳೆಯ ಜೊತೆಗೇ ನಡೆದು, ಈಜಿ, ಜಲಪಾತ ಬಂದಲ್ಲಿ ಹಗ್ಗದಲ್ಲಿ ಇಳಿಯುವುದು.

"ಇದಕ್ಕೆ ಹೋಗ್ತೀನಿ" ಎಂದರು.

"ರೀ, ಸೊಂಟನೋವು?" ಅಕ್ಕ ಏನೂ ತಿಳಿಯದವಳ ಹಾಗೆ ಕೇಳಿದಳು.

"ಬಿಟ್ಟಿದೆ."

ಇದನ್ನು ಇಳಿದರೆ ಅದನ್ನೂ ಇಳಿಯಬಲ್ಲೆ ಎಂದು ತಮ್ಮೊಳಗೇ ಪಂದ್ಯ ಕಟ್ಟಿದ್ದರು. ಅವರನ್ನು ಒಬ್ಬರೇ ಬಿಡಲಾಗದೆ ನಾವೂ ಹೊರಟೆವು.

ಮೂರಾಳೆತ್ತರದ ಜಲಪಾತದ ಅಂಚಿನಲ್ಲಿ ಗೈಡ್ ಭಾವನ ಸೊಂಟಪಟ್ಟಿಗೆ ಹಗ್ಗ ಬಿಗಿದಳು. "ಹಗ್ಗ ನನ್ನ ಕೈಲಿರುತ್ತೆ. ನೀವು ಏನೂ ಮಾಡ್ಬೇಡಿ, ಹಿಂದಕ್ಕೆ ವಾಲಿ ಸಾಕು. ತೊಂದರೆ ಆದ್ರೆ ಕೈ ಎತ್ತಿ. ನೀರಿನ ಸದ್ದಲ್ಲಿ ಕೂಗು ಕೇಳ್ಸಲ್ಲ."

ಭಾವ ಪಟ್ಟಿಯನ್ನು ಮೂರು ಸಲ ಎಳೆದು ನೋಡಿ ಇಳಿದರು. ಅರ್ಧ ದಾರಿಯಲ್ಲಿ ಬಂಡೆಗೆ ಹೊಡೆದ ಕಬ್ಬಿಣದ ಬಳೆಯೊಂದು ಕಂಡಿತು. ಲಿಫ್ಟಿನವರು ಇಳಿಯುವಾಗ ಬೀಳದಿರಲೆಂದು ಸಿಕ್ಕ ಬಳೆಗೆಲ್ಲ ತಮ್ಮ ಕೊಕ್ಕೆ ಸಿಕ್ಕಿಸುತ್ತಾರೆ. ಭಾವನ ಕೈ ತಲೆಯನ್ನು ಕೇಳಲಿಲ್ಲ. ಸೊಂಟಪಟ್ಟಿಯಲ್ಲಿ ನೇತಾಡುತ್ತಿದ್ದ ಕೊಕ್ಕೆಯನ್ನು ಬಳೆಗೆ ಹಾಕಿಯೇಬಿಟ್ಟರು.

ಗೈಡ್ ಹಗ್ಗ ಬಿಡುತ್ತಲೇ ಇದ್ದಳು, ಹಗ್ಗ ಸಡಿಲವಾಯಿತು, ಮೈಭಾರವೆಲ್ಲ ಆ ಕೊಕ್ಕೆಗೆ ಬಿತ್ತು. ಭಾರ ಬಿದ್ದ ಕೊಕ್ಕೆ ಬಿಡಿಸಲು ಬರುವುದಿಲ್ಲ. ಪಾಚಿಯ ಮೇಲೆ ಕಾಲು ನಿಲ್ಲದು, ತಲೆಯ ಮೇಲೆ ನೀರು ಸುರಿಯುತ್ತಿದೆ. ಮಹಾರಾಯರು ಕೊಕ್ಕೆ ಜಗ್ಗಿದರು, ಬಂಡೆ ಒದ್ದರು, ಕೈ ಮಾತ್ರ ಎತ್ತಲಿಲ್ಲ.

"ಕೈ ಎತ್ತಬಾರದಾ ಮನುಷ್ಯ" ಎಂದು ಅಕ್ಕ ಗೊಣಗುತ್ತಿದ್ದಳು. ಅವರು ಕೈ ಎತ್ತದೆ ಎಳೆದರೆ ಬಂಡೆಗೆ ತಲೆ ಬಡಿಯಬಹುದೆಂದು ಗೈಡ್ ಕಾಯುತ್ತಿದ್ದಳು. ನನಗೆ ಆ ಹೊತ್ತಿನಲ್ಲಿ ಭಾವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆಮೇಲೆ ನೀರಿನೊಳಗಿಂದ ಒಂದು ಕೈ ನಿಧಾನವಾಗಿ ಮೇಲೆ ಬಂತು.

"ಎಳೀರಿ" ಎಂದಳು ಗೈಡ್. ಮೂವರೂ ಹಗ್ಗ ಹಿಡಿದು ಗೇಣಷ್ಟು ಎತ್ತಿದೆವು. ಭಾರ ತಪ್ಪಿತು, ಭಾವ ಕೊಕ್ಕೆ ಕಳಚಿದರು. ಆಮೇಲೆ ಎರಡೂ ಕೈ ಬಿಟ್ಟು ಹಿಂದಕ್ಕೆ ವಾಲಿದರು. ಗೈಡ್ ಅವರನ್ನು ಮೆಲ್ಲಗೆ ಕೆಳಗಿಳಿಸಿದಳು.

ನಾವೂ ಇಳಿದ ಮೇಲೆ, ರಸ್ತೆಗೆ ಬಂದು ವ್ಯಾನಿನ ಪಕ್ಕ ಮೈ ಒರೆಸಿಕೊಳ್ಳುವಾಗ ಭಾವ ನನ್ನ ಫೋನು ಕೇಳಿ ಇಸಿದುಕೊಂಡರು. ಆಫೀಸಿಗೆ ಮಾಡಿದರು.

"ಸೋಮವಾರ ಬರ್ತೀನಿ ಸರ್. ಇಳೀತೀನಿ. ಆದ್ರೆ ಮೇಲೆ ಒಬ್ರು ನಿಂತಿರ್ಬೇಕು."

ಅತ್ತ ಕಡೆಯಿಂದ ಏನೋ ಕೇಳಿದರು. ಭಾವ ಅಕ್ಕನ ಮುಖ ನೋಡಿದರು.

"ಇಲ್ಲ ಸರ್, ಸೊಂಟನೋವೇನಿಲ್ಲ. ಒಬ್ನೇ ಇಳಿಯೋಕೆ ಭಯ ಆಗುತ್ತೆ. ಹೌದು, ನನಗೇ. ಹಾಗೇ ಬರ್ಕೊಳ್ಳಿ."