ಹಡಗು ಬರೆಯುತ್ತಿದ್ದ ನಮ್ಮ ಭಾವ

ನಮ್ಮ ಭಾವ ಕೆಲಸಕ್ಕೆ ಸೇರಿದಾಗಿನಿಂದ ಬರೆದದ್ದು ಒಂದೇ ಹಡಗು. ಯುದ್ಧದ ಹಡಗಲ್ಲ, ನಡುಸಮುದ್ರದಲ್ಲಿರುವ ಯುದ್ಧನೌಕೆಗಳಿಗೆ ಡೀಸೆಲ್, ನೀರು, ಹಿಟ್ಟು, ಔಷಧಿ ಹೊತ್ತೊಯ್ದು ಕೊಡುವ ಹಡಗು. ನೌಕಾಪಡೆಯ ಯೋಜನಾ ಕಚೇರಿಯಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತು ಅದರ ನಕ್ಷೆ ಬರೆದರು. ಅದು ಇವತ್ತಿನವರೆಗೂ ನೀರು ಕಂಡಿಲ್ಲ.

ಹೊಸ ಬಾಡಿಗೆದಾರ ಗೋಡೆಗೆ ಸುಣ್ಣ ಹೊಡೆಸುವ ಹಾಗೆ, ಆ ಕಚೇರಿಗೆ ಬಂದ ಪ್ರತಿ ಮುಖ್ಯಸ್ಥನೂ ಹಳಬನ ನಕ್ಷೆ ಅಳಿಸಿ ತನ್ನದೊಂದು ಸೇರಿಸಬೇಕು. ಒಬ್ಬನಿಗೆ ಹಡಗಿನ ಮೇಲೆ ಹೆಲಿಕಾಪ್ಟರ್ ಬೇಕು, ಇನ್ನೊಬ್ಬನಿಗೆ ಆಸ್ಪತ್ರೆ. ಭಾವ ತಲೆಯಾಡಿಸಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ಬೇಸರವೇನೂ ಇಲ್ಲ, ಒಳಗೊಳಗೇ ಖುಷಿ. ಕಟ್ಟಿದ ಹಡಗಿನಲ್ಲಾದರೆ ಜನ ತಪ್ಪು ಹುಡುಕುತ್ತಾರೆ.

“ಸಾವಿರ ಜನರ ಈರುಳ್ಳಿ ಎಲ್ಲಿಡಬೇಕು ಅಂತ ಗೊತ್ತು, ಮನೆಗೆ ಈರುಳ್ಳಿ ತರೋದು ಮಾತ್ರ ನೆನಪಿರಲ್ಲ” ಎಂದು ಅಕ್ಕ ರೇಗಿಸುತ್ತಿದ್ದಳು. ಆಗ ಎಲ್ಲರೂ ನಗುತ್ತಿದ್ದೆವು.

ಅವರ ಒಬ್ಬನೇ ಮಗ ನೌಕಾಪಡೆ ಸೇರಿ, ಅದೇ ಕೆಲಸದ ಹಳೆಯ ಹಡಗಿಗೆ ಹೋದ. ಹೊಸದು ಬರುವವರೆಗೆ ಹೇಗೋ ದೂಡಬೇಕಾದ ಮುದಿ ಹಡಗು. ಅದೂ ಯುದ್ಧನೌಕೆಯೂ ಪಕ್ಕಪಕ್ಕ ಓಡುತ್ತಿರುವಾಗಲೇ ನಡುವೆ ಉಕ್ಕಿನ ಹಗ್ಗ ಬಿಗಿದು, ಅದರ ಮೇಲೆ ಡೀಸೆಲ್ ಪೈಪು ದಾಟಿಸಬೇಕು.

“ಹಗ್ಗ ಬಿಗಿಯೋ ಯಂತ್ರ ಆಗಾಗ ಕೈಕೊಡತ್ತೆ ಮಾವ” ಎಂದು ರಜೆಗೆ ಬಂದಾಗ ನನಗೆ ಹೇಳಿದ್ದ. ಭಾವ ಪಕ್ಕದಲ್ಲೇ ಇದ್ದರು, ಕೇಳಿಸಿಕೊಂಡಿದ್ದರು.

ಆಮೇಲೆ ಒಂದು ಸಭೆ ನಡೆಯಿತು. ನಕ್ಷೆ ಪೂರ್ತಿಯಾಗಿತ್ತು, ಕಟ್ಟಲು ಕಳಿಸುವುದಷ್ಟೇ ಬಾಕಿ. ಹೀಗೇ ಕಳಿಸೋಣವೋ, ಇನ್ನಷ್ಟು ದೊಡ್ಡದಾಗಿ ಬರೆಯೋಣವೋ, ಅಲ್ಲಿಯವರೆಗೆ ಹಳೆಯದು ತಡೆದೀತೋ ಎಂದು ಹೊಸ ಮುಖ್ಯಸ್ಥ ಕೇಳಿದ.

“ಧಾರಾಳವಾಗಿ ತಡೆಯತ್ತೆ ಸರ್ ಅಂದೆ” ಎಂದು ಭಾವ ಅವತ್ತು ಊಟಕ್ಕೆ ಕೂತು ಹೆಮ್ಮೆಯಿಂದ ಹೇಳಿದರು. “ಈ ಸಲದ ಹಡಗು ನೋಡ್ತಿರಿ!”

ಅಕ್ಕ ಬಡಿಸುವುದನ್ನು ನಿಲ್ಲಿಸಿದಳು. “ಹಳೇದರಲ್ಲಿ ನಮ್ಮ ಮಗ ಇದಾನಲ್ರೀ.”

“ಏನೂ ಆಗಲ್ಲ ಬಿಡೇ.”

ಆಯಿತು. ಆ ಯಂತ್ರ ಕೈಕೊಟ್ಟು, ಬಿಗಿದ ಹಗ್ಗ ತುಂಡಾಗಿ ಬೀಸಿದ ಹೊಡೆತಕ್ಕೆ ಹುಡುಗನ ಬಲಗೈ ಮೊಣಕೈಯಿಂದ ಕೆಳಗೆ ಹೋಯಿತು. ಭಾವ ಅತ್ತರು, ನಿಜಕ್ಕೂ ಬಿಕ್ಕಿಬಿಕ್ಕಿ ಅತ್ತರು. ನನಗೆ ಅವರ ಮುಖ ನೋಡಲೂ ಅಸಹ್ಯವಾಗಿತ್ತು.

ಕಚೇರಿಯೂ ಮರುಗಿತು. ಮರುಗಿ, ಹಗ್ಗದ ಬಳಿ ನಿಲ್ಲುವವರಿಗೆ ಉಕ್ಕಿನ ಮರೆ ಇರಲೇಬೇಕೆಂದು ತೀರ್ಮಾನಿಸಿತು. ಅದು ಹಳೆಯ ಹಡಗಿಗಲ್ಲ, ಹೊಸ ನಕ್ಷೆಗೆ. ಭಾವನಿಗೆ ಮತ್ತೆ ಮೊದಲಿನಿಂದ ಕೆಲಸ.

ಹುಡುಗ ಆಸ್ಪತ್ರೆಯಿಂದ ಮನೆಗೆ ಬಂದ ವಾರವೇ ಭಾವ ಅವನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, ತೊಡೆಯ ಮೇಲೆ ಕಾಗದ ಹರಡಿದರು. ದನಿಯಲ್ಲಿ ಅದೇ ಹುರುಪು.

“ಮಗಾ, ಸರಿಯಾಗಿ ಜ್ಞಾಪಿಸ್ಕೊಂಡು ಹೇಳು. ನೀನು ಎಲ್ಲಿ ನಿಂತಿದ್ದೆ?”

ಅಕ್ಕ ಎದ್ದು ಒಳಗೆ ಹೋದಳು. ಹುಡುಗ ಅಪ್ಪನ ಕಡೆ ತಿರುಗಿದ.

“ಅಲ್ಲಿ ಈಗ ಬೇರೆಯವನು ನಿಂತಿದಾನಪ್ಪ” ಎಂದ. “ಹೋಗಿ ಅವನನ್ನ ಕೇಳು. ಕೈ ಇರೋವಾಗ್ಲೇ ಬರೆದುಕೊಡ್ತಾನೆ.”