ತಿರುವುಮುರುವಾದ ಮೂವತ್ತು ಮುಚ್ಚಳ

ಹೊಸಪೇಟೆಯ ನಮ್ಮ ತಗಡಿನ ಶೆಡ್ಡಿನಲ್ಲಿ ಅಪ್ಪನ ಕಾಲಕ್ಕೆ ಟ್ರಂಕು, ಕಾಳಿನ ಡಬ್ಬಿ, ಅಕ್ಕಿ ಗಿರಣಿಯ ಕೊಳವೆಗಳು ತಯಾರಾಗುತ್ತಿದ್ದವು. ಅಳತೆ ಎರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಕಾಳೇನೂ ತಕರಾರು ಮಾಡುತ್ತಿರಲಿಲ್ಲ. ಅಪ್ಪ ಹೋದ ಮೇಲೆ ಶೆಡ್ಡು ನನ್ನ ಕೈಗೆ ಬಂತು, ಟ್ರಂಕು ಕೇಳುವವರು ಇಲ್ಲವಾದರು. ನಾನು ಎಲೆಕ್ಟ್ರಾನಿಕ್ಸ್ ಬೋರ್ಡುಗಳನ್ನು ಕೂರಿಸುವ ಡಬ್ಬಿಗಳ ಕೆಲಸ ಹಿಡಿದೆ. ಜೊತೆಗೆ ತಲೆನೋವನ್ನೂ ಹಿಡಿಯುತ್ತಿದ್ದೇನೆ ಎಂದು ಆಗ ಯಾರೂ ಹೇಳಲಿಲ್ಲ.

ತಗಡು ಮಡಚುವವನು ಕಾಕಾ. ಸಂಬಂಧಿಕನಲ್ಲ, ಅಪ್ಪನ ಕಾಲದಿಂದ ಕೆಲಸಕ್ಕಿರುವವನು. ನಾನು ಲಂಗ ಉಡುತ್ತಿದ್ದಾಗಿನಿಂದ ಕಾಕಾ ಎಂದೇ ಕರೆದದ್ದು. ಮಲಪನಗುಡಿಯಿಂದ ದಿನಾ ಹಂಪಿ ಬಸ್ಸಿನಲ್ಲಿ, ಪ್ರವಾಸಿಗರ ದೊಡ್ಡ ದೊಡ್ಡ ಬ್ಯಾಗುಗಳ ನಡುವೆ ಒಂಟಿ ಕಾಲಲ್ಲಿ ನಿಂತು ಬರುತ್ತಾನೆ. ಕೈ ಬಂಗಾರ. ಆದರೆ ಕಾಗದದ ಮೇಲಿನ ಚಿತ್ರ ಕಂಡರೆ ಆಗದು. ಯಾವ ಗಿರಾಕಿ ನಕಾಶೆ ತಂದರೂ ಒಮ್ಮೆ ನೋಡಿ, ಮಡಚಿ, ಅದರ ಮೇಲೆ ಚಹಾದ ಲೋಟ ಇಡುತ್ತಾನೆ.

ಇಂಥವನ ಎದುರಿಗೆ ಒಂದು ದಿನ ಕಂಪ್ಲಿಯ ಮೇಷ್ಟ್ರು ಬಂದು ನಿಂತರು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಕರೆಂಟಿನ ಒಂದು ಫೇಸ್ ಹೋದರೆ ಗದ್ದೆಯ ಪಂಪ್‌ಸೆಟ್ ಮೋಟರ್ ಸುಟ್ಟುಹೋಗದಂತೆ ತಾನೇ ನಿಲ್ಲಿಸುವ ಬೋರ್ಡನ್ನು ಮನೆಯಲ್ಲೇ ಕೂತು ಮಾಡಿದ್ದರು. ಅಂಥ ಮೂವತ್ತು ಬೋರ್ಡಿಗೆ ಮೂವತ್ತು ಡಬ್ಬಿ, ಮೂವತ್ತು ಮುಚ್ಚಳ ಬೇಕಿತ್ತು. ಮುಚ್ಚಳದ ಎಡಕ್ಕೆ, ಮೇಲಂಚಿನ ಹತ್ತಿರ, ಅಂಕಿ ಕಾಣುವ ಕಿಟಕಿ, ಬಲಕ್ಕೆ ಮೂರು ಬಟನ್ನಿನ ತೂತು. ನಕಾಶೆಯನ್ನು ಅರ್ಧ ಮಿಲಿಮೀಟರ್ ತನಕ ಬರೆದಿದ್ದರು. ಅಳತೆ ಡಬ್ಬಿಯ ಒಳಗಿನದೋ ಹೊರಗಿನದೋ ಎಂಬುದನ್ನು ಮಾತ್ರ ಬರೆದಿರಲಿಲ್ಲ.

ಕಾಕಾ ಅದನ್ನು ಹೊರಗಿನ ಅಳತೆ ಎಂದುಕೊಂಡು ಮಾದರಿಗೆ ಒಂದು ಡಬ್ಬಿ ಮಡಚಿದ. ಮೇಷ್ಟ್ರು ಬೋರ್ಡು ಇಟ್ಟು ನೋಡಿದರು. ಅದು ಅಂಚಿನ ಮೇಲೆಯೇ ಕೂತಿತು, ಒಳಗಿಳಿಯಲಿಲ್ಲ.

"ಬೋರ್ಡ್ ಒಳಗ ಇರೂದಲ್ಲೇನ್ರೀ? ಅಳತಿನೂ ಒಳಗಿಂದೇ ಇರತೈತಿ," ಎಂದರು ಮೇಷ್ಟ್ರು.

"ತಗಡಿಗೆ ದಪ್ಪ ಇರತೈತ್ರೀ ಸರ. ಅದೇನು ಕಾಗದಲ್ಲ," ಎಂದ ಕಾಕಾ. "ಬೋರ್ಡಿನ ಮೂಲಿ ಒಂಚೂರು ಉಜ್ಜಿದ್ರ ಕುಂದ್ರತೈತಿ."

ಮೇಷ್ಟ್ರು ಬೋರ್ಡನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ನನ್ನ ಮುಖ ನೋಡಿದರು. ಅಂದು ಮಧ್ಯಾಹ್ನವೆಲ್ಲ ಇಬ್ಬರೂ ಒಬ್ಬರ ಜೊತೆಗೊಬ್ಬರು ಮಾತಾಡದೆ, ಎಲ್ಲವನ್ನೂ ನನಗೇ ಹೇಳಿದರು. "ಅವರಿಗೆ ಹೇಳ್ರಿ" ಎಂದು ಇವರು, "ಅವರಿಗೆ ಹೇಳವ್ವಾ" ಎಂದು ಅವನು. ಮೂರು ಅಡಿ ದೂರದಲ್ಲಿ ಕೂತವರ ಮಾತನ್ನು ನಾನು ಅತ್ತಿಂದಿತ್ತ ಸಾಗಿಸಬೇಕಾಯಿತು.

ಮೇಷ್ಟ್ರು ಹೋದ ಮೇಲೆ ಕಾಕಾ ಮತ್ತೆ ಬೋರ್ಡಿನ ಮೂಲೆಯ ಮಾತು ತೆಗೆದ. ನನಗೆ ರೇಗಿತು.

"ಕಾಕಾ, ಇನ್ನ ಮುಂದ ನಾ ಮಾದರಿ ತಗಡು ಮಾಡಿ, ಅದರ ಮ್ಯಾಲೆ ಗುರುತು ಹಾಕಿ ಕೊಡ್ತೀನಿ. ಬರೆದಂಗ ಮಾಡು. ನಿನ್ನ ತಲಿ ಓಡಿಸಬ್ಯಾಡ."

ಅವನು ಚಹಾ ಕುಡಿದು ಲೋಟವನ್ನು, ಅಪರೂಪಕ್ಕೆ, ನಕಾಶೆಯ ಮೇಲಿಡದೆ ನೆಲಕ್ಕಿಟ್ಟ.

ಒಳಗಿನ ಅಳತೆ ಹಿಡಿದು ಮಾಡಿದ ಡಬ್ಬಿಗಳು ಸರಿಹೋದವು. ಉಳಿದದ್ದು ಮುಚ್ಚಳ. ನಾನೇ ಕೂತು ಒಂದು ಮಾದರಿ ತಗಡು ಕತ್ತರಿಸಿ, ಕಿಟಕಿ, ತೂತು ಕೊರೆದು, ಹೊರಗೆ ಕಾಣುವ ಮಗ್ಗುಲಿಗೆ ಮಾರ್ಕರಿನಿಂದ 'ಮೇಲೆ' ಎಂದು ಬರೆದೆ. ಅದನ್ನು ತಗಡಿನ ಮೇಲಿಟ್ಟು ಗುರುತು ಹಾಕಿ, ಕೊರೆದು, ನಾಲ್ಕೂ ಅಂಚನ್ನು ಕೆಳಕ್ಕೆ ಮಡಚಿದರೆ ಮುಚ್ಚಳ. ಕಾಕಾನ ಕೈಗೆ ಕೊಟ್ಟೆ. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ನಾನು ನಿಲ್ಲಲಿಲ್ಲ. ಒಂದು ಗಣಿ ಕಚೇರಿಯ ಕೆಲಸಕ್ಕೆ ಅಳತೆ ತರಲು ಸಂಡೂರಿಗೆ ಹೊರಟಿದ್ದೆ.

ಅದಿರಿನ ಲಾರಿಗಳ ಹಿಂದೆ ಬಸ್ಸು ತೆವಳಿ ತೆವಳಿ, ಮೈಯೆಲ್ಲ ಕೆಂಪು ಧೂಳಾಗಿ ಮರುದಿನ ಮಧ್ಯಾಹ್ನ ಶೆಡ್ಡಿಗೆ ಮರಳಿದೆ. ಮೇಷ್ಟ್ರು ಬಂದು ಕೂತಿದ್ದರು. ಒಂದು ಕೈಯಲ್ಲಿ ಬೋರ್ಡು, ಇನ್ನೊಂದರಲ್ಲಿ ಮುಚ್ಚಳ. ಬೋರ್ಡಿನ ಅಂಕಿ ಎಡಕ್ಕಿತ್ತು, ಮುಚ್ಚಳದ ಕಿಟಕಿ ಬಲಕ್ಕಿತ್ತು. ಮುಚ್ಚಳವನ್ನು ತಿರುಗಿಸಿ ಹಿಡಿದರೆ ಕಿಟಕಿ ಎಡಕ್ಕೆ ಬಂದರೂ ಕೆಳಗಿಳಿಯುತ್ತಿತ್ತು. ಬಲಗೈಗೆ ಎಡಗೈಯ ಗವಸು ಹೊಲಿದ ಹಾಗೆ. ಒಂದಲ್ಲ, ಮೂವತ್ತೂ ಹಾಗೆಯೇ. ಕಾಕಾ ಅವನ್ನು ಒಂದರ ಮೇಲೊಂದು ಅಂದವಾಗಿ ಜೋಡಿಸಿಟ್ಟಿದ್ದ.

ನನಗೆ ಹೊಟ್ಟೆಯಲ್ಲಿ ಊಟವಿರಲಿಲ್ಲ, ತಲೆಯಲ್ಲಿ ತಾಳ್ಮೆಯಿರಲಿಲ್ಲ. ಮೇಷ್ಟ್ರ ಎದುರಿಗೇ ಕಾಕಾನನ್ನು ಬೈದೆ. ಕಣ್ಣು ಕಾಣದಿದ್ದರೆ ಮನೆಯಲ್ಲಿರು ಎಂದೂ ಅಂದೆ. ಅವನು ಕೆಲಸದ ಅಂಗಿ ಬಿಚ್ಚಿ ಮೊಳೆಗೆ ಹಾಕಿ, ಬುತ್ತಿ ಡಬ್ಬಿ ತೆಗೆದುಕೊಂಡು ಬಸ್ಸಿಗೆ ಹೋದ. ಎರಡು ದಿನ ಬರಲಿಲ್ಲ.

ಮೂರನೆಯ ದಿನ ನಾನೇ ಮುಚ್ಚಳ ಮಾಡಲು ಕೂತೆ. ಮೇಷ್ಟ್ರು ಬಿಟ್ಟುಹೋಗಿದ್ದ ಬೋರ್ಡಿನ ಮೇಲೆ ಮಾದರಿ ತಗಡನ್ನು, 'ಮೇಲೆ' ಎಂಬುದು ನನಗೆ ಕಾಣುವಂತೆ ಇಟ್ಟೆ. ಕಿಟಕಿ ಬಲಕ್ಕೆ ಬಂತು. ಮಗುಚಿ ಇಟ್ಟೆ, ಸರಿಯಾಗಿ ಕೂತಿತು. ನಾನು ತಪ್ಪು ಮಗ್ಗುಲಿಗೆ ಬರೆದಿದ್ದೆ. ಅಕ್ಷರ ನನ್ನದೇ, ದುಂಡಗೆ, ಅಡಿಗೆರೆ ಬೇರೆ ಎಳೆದಿದ್ದೆ. ಆ ಅಡಿಗೆರೆ ನೋಡಿ ನನ್ನ ಮೇಲೆ ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ.

ಸ್ಕೂಟರ್ ತೆಗೆದುಕೊಂಡು ಮಲಪನಗುಡಿಗೆ ಹೋದೆ. ಕಾಕಾ ಅಂಗಳದಲ್ಲಿ ಎಮ್ಮೆಯ ಪಕ್ಕ ಕೂತು, ಪಕ್ಕದ ಮನೆಯವರ ಸೋರುವ ಕೊಡಕ್ಕೆ ಬೆಸುಗೆ ಹಾಕುತ್ತಿದ್ದ. ಮುನಿಸಿನ ಗುರುತೇ ಇಲ್ಲ.

"ಬಾರವ್ವಾ, ಕುಂದರು," ಎಂದ.

"ಕಾಕಾ, ತಪ್ಪು ನಂದು. ಮಾದರಿ ಮ್ಯಾಲೆ ಉಲ್ಟಾ ಬರದಿದ್ದೆ."

"ಹೌದು. ಸರ್ ಬೋರ್ಡ್ ನೋಡಿದ್ನೆಲ್ಲ, ಮೊದಲನೇ ಮುಚ್ಚಳ ಮಡಚಿದಾಗಲೇ ಗೊತ್ತಾತು."

ನಾನು ಸರಿಯಾಗಿ ಕೇಳಿಸಿಕೊಂಡೆನೇ ಎಂದು ಅನುಮಾನ ಬಂತು. "ಗೊತ್ತಾಗಿ ಮತ್ತ ಇಪ್ಪತ್ತೊಂಬತ್ತು ಮಡಚಿದೇನು? ಒಂದು ಫೋನ್ ಮಾಡಾಕ ಏನಾಗಿತ್ತು?"

"ನೀನ ಹೇಳಿದ್ದೆಲ್ಲವ್ವಾ, ಬರೆದಂಗ ಮಾಡು, ತಲಿ ಓಡಿಸಬ್ಯಾಡ ಅಂತ. ಓಡಿಸಲಿಲ್ಲ."

ಅವನು ನಗಲಿಲ್ಲ. ಬೆಸುಗೆಯ ಸಲಾಕೆ ಕೆಳಗಿಟ್ಟು ಕೊಡದ ತಳವನ್ನು ಬೆರಳಿನಿಂದ ಸವರಿದ. ಮೂವತ್ತು ತಗಡು ಹಾಳು ಮಾಡಿ ನನಗೆ ಪಾಠ ಕಲಿಸಬೇಕಿತ್ತೇ ಎಂದು ಕಿರುಚಬೇಕೆನಿಸಿತು. ಕಿರುಚುವಷ್ಟು ಬಾಯಿ ನನಗೆ ಉಳಿದಿರಲಿಲ್ಲ.

"ತಪ್ಪಾತು ಕಾಕಾ. ನಾಳಿ ಬಾ."

"ಬೈದದ್ದು ಆ ಸರ್ ಮುಂದ. ಇಲ್ಲಿ ಬಂದು ತಪ್ಪಾತು ಅಂದ್ರ ನಮ್ಮ ಎಮ್ಮಿಗೆ ಕೇಳಿಸ್ತೈತಿ, ಅಷ್ಟ."

ಅದು ನ್ಯಾಯವಾದ ಮಾತು. ನಾಳೆ ಮೇಷ್ಟ್ರನ್ನೂ ಕರೆಸುತ್ತೇನೆ, ಬಾ ಎಂದು ಹೇಳಿ ಹೊರಟೆ. ಮನೆಗೆ ಹೋದವಳೇ ಮೇಷ್ಟ್ರಿಗೆ ಫೋನ್ ಮಾಡಿ, ಮರುದಿನ ಬರಲೇಬೇಕು ಎಂದೆ. ಕಂಪ್ಲಿಯಿಂದ ಎರಡು ಬಸ್ಸು ಬದಲಿಸಿ ಬಂದರು. ಅವರ ಎದುರಿಗೆ ನಿಂತು, ಮಾದರಿ ತಗಡು ತೋರಿಸಿ, ತಪ್ಪು ನನ್ನದು, ಕಾಕಾನದಲ್ಲ, ಅವತ್ತು ನಾನು ಹಾಗೆ ಬೈಯಬಾರದಿತ್ತು ಎಂದೆ. ಕಾಕಾ ಚಾವಣಿ ನೋಡುತ್ತ ನಿಂತಿದ್ದ. ಮೇಷ್ಟ್ರು ಪೂರ್ತಿ ಕೇಳಿ, ಕನ್ನಡಕ ಒರೆಸಿಕೊಂಡರು.

"ಅದಿರ್ಲಿ ಮೇಡಂ, ಮುಚ್ಚಳ ಯಾವಾಗ ಆಗ್ತಾವ?"

ಕಾಕಾ ಆಗ ಮೊದಲ ಬಾರಿಗೆ ನೇರ ಅವರಿಗೇ ಹೇಳಿದ: "ನೀವು ಇಲ್ಲೇ ಕುಂತು ಒಂದೊಂದೂ ಬೋರ್ಡ್ ಇಟ್ಟು ನೋಡ್ರಿ. ನಾಳಿ ಸಂಜಿಕ ಆಗ್ತಾವ."

ಮೇಷ್ಟ್ರು ಕೂತರು. ಮರುದಿನವೂ ಬುತ್ತಿ ಕಟ್ಟಿಕೊಂಡು ಬಂದು ಕೂತರು. ನಾನು ಹೊಸ ತಗಡು ಕತ್ತರಿಸಿದೆ, ಕಾಕಾ ಮಡಚಿದ, ಅವರು ಪ್ರತಿಯೊಂದಕ್ಕೂ ಬೋರ್ಡು ಹಿಡಿದು ನೋಡಿ, ನಾಲ್ಕನ್ನು ಹಿಂದಕ್ಕೆ ಕೊಟ್ಟರು. ಕಾಕಾ ಆ ನಾಲ್ಕನ್ನೂ ಗೊಣಗುತ್ತ ಸರಿಮಾಡಿದ. ಡಬ್ಬಿಗಳಿಗೆ ಬಣ್ಣ ಬಳಿಸಿ ಕಂಪ್ಲಿಗೆ ಕಳಿಸಿದೆವು. ಹಾಳಾದ ಮುಚ್ಚಳಗಳನ್ನು ಕಾಕಾ ಬಸ್ಸಿನ ಮೇಲೆ ಹಾಕಿಕೊಂಡು ಹೋಗಿ ಕೋಳಿಗೂಡಿಗೆ ಬಡಿದ. ಕಿಟಕಿಯಿದ್ದದ್ದು ಕೋಳಿಗಳಿಗೆ ಗಾಳಿಗಾಯಿತಂತೆ.

ಹೋದ ತಿಂಗಳು ಮೇಷ್ಟ್ರು ಇನ್ನೊಂದು ಬೋರ್ಡು ತಂದರು. ನಕಾಶೆಯನ್ನು ಮೇಜಿನ ಮೇಲೆ ಹಾಸಿ, ಒಳಗೆ ಯಾವುದು ಹೊರಗೆ ಯಾವುದು ಎಂದು ಬರೆದು, ಇಬ್ಬರೂ ಒಪ್ಪುವ ತನಕ ಎದ್ದೇಳಬಾರದು ಎಂದು ಕೂರಿಸಿದೆ. ಬೆಳಗ್ಗೆ ಹತ್ತಕ್ಕೆ ಕೂತವರು ಮೂರು ಸಲ ಚಹಾ ಕುಡಿದು, ಊಟದ ಹೊತ್ತಿಗೆ ಒಪ್ಪಿದರು. ಮಾದರಿ ಡಬ್ಬಿ ಮಡಚಿ ಬೋರ್ಡು ಇಳಿಸಿದೆವು. ಸಲೀಸಾಗಿ ಇಳಿಯಿತು.

"ಒಂಚೂರು ಬಿಗಿ ಆತು," ಎಂದರು ಮೇಷ್ಟ್ರು.

"ಭಾಳ ಸಡ್ಲ ಐತಿ," ಎಂದ ಕಾಕಾ.

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಚಪ್ಪಲಿ ಮೆಟ್ಟಿಕೊಂಡು ಊಟಕ್ಕೆ ಮನೆಗೆ ಹೋದೆ.